ಬಣ್ಣದ ಗಾಜು, ಬರಿಯ ಗಾಜು

ಯುದ್ಧಸ್ಮಾರಕವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಕಲ್ಲು ಮತ್ತು ಕಂಚು. ಒಂದು ಸ್ಫೋಟಕ್ಕೆ ಪುಡಿಯಾಗುವ ಗಾಜನ್ನು ಯೋಧರ ನೆನಪಿಗೆ ಆರಿಸಿಕೊಳ್ಳುವುದು ವಿಚಿತ್ರವೆಂದು ಶ್ರೋತೃಗಳಿಗೆ ತೋರಬಹುದು. ಆದರೆ ಲಂಡನ್ ನಗರದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಏಳನೆಯ ಹೆನ್ರಿಯ ಪ್ರಾರ್ಥನಾಮಂದಿರದ ಪೂರ್ವದ ತುದಿಯಲ್ಲಿ, ಅಂಥ ಸ್ಮಾರಕವೊಂದಿದೆ. 1940ನೆಯ ಜುಲೈಯಿಂದ ಅಕ್ಟೋಬರಿನವರೆಗೆ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ ವಿಮಾನಗಳನ್ನು ಎದುರಿಸಿದ ವೈಮಾನಿಕರ ನೆನಪಿಗಾಗಿ ಹ್ಯೂ ಈಸ್ಟನ್ ಎಂಬ ಕಲಾವಿದರು ರಚಿಸಿದ ಕಿಟಕಿಯದು. 1947ನೆಯ ಜುಲೈ 10ರಂದು ಆರನೆಯ ಜಾರ್ಜ್ ದೊರೆಗಳು ಅದನ್ನು ಅನಾವರಣ ಮಾಡಿದರು. ಮಡಿದವರ ಹೆಸರುಗಳನ್ನು ಬರೆದಿಟ್ಟ ಅಲ್ಲಿನ ಗ್ರಂಥದಲ್ಲಿ 1,497 ಹೆಸರುಗಳಿವೆ.

ಇಂಥ ಕಿಟಕಿಗಳಿಗಾಗಿ, ಕರಗಿದ ಗಾಜಿಗೆ ಲೋಹದ ಭಸ್ಮಗಳನ್ನು ಸೇರಿಸಿ ಬಣ್ಣ ತರುವರು. ಕೋಬಾಲ್ಟಿನಿಂದ ನೀಲಿ ಬರುವುದು. ಕತ್ತರಿಸಿದ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಬಂಧಿಸುವರು. ಹಗಲಿನಲ್ಲಿ ಹೊರಗೆ ನಿಂತವನಿಗೆ ಅದು ಬರಿಯ ಕಪ್ಪು ಹಲಗೆ. ಒಳಗೆ ಬಂದವನಿಗೆ ಮಾತ್ರ ಚಿತ್ರವು ಬೆಳಗುವುದು.

ಈ ಕಿಟಕಿಯಲ್ಲಿ, ಸತ್ತ ಮಗನನ್ನು ಮಡಿಲಲ್ಲಿ ಹಿಡಿದ ಮಾತೆ ಮೇರಿಯುಂಟು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಆಕೆಯೇ ಪ್ರತೀಕ. ಆ ಸಮರದಲ್ಲಿ ಹೋರಾಡಿದ ವಿಮಾನದಳಗಳ ಲಾಂಛನಗಳೂ ಉಂಟು. ಅವುಗಳಲ್ಲಿ 152ನೆಯ ದಳವು ಹೈದರಾಬಾದಿನ ಹೆಸರನ್ನು ಹೊತ್ತಿದ್ದಿತು. ನಿಜಾಮರ ಶಿರೋವೇಷ್ಟನವೇ ಅದರ ಲಾಂಛನ. ನಮ್ಮ ಮೈಸೂರಿನ ಹೆಸರಿನ, ಗಂಡಭೇರುಂಡ ಲಾಂಛನದ 129ನೆಯ ದಳವು ರಚಿತವಾದುದು 1941ರಲ್ಲಿ. ಆದುದರಿಂದ ಅದು ಆ ಸಮರದಲ್ಲಿರಲಿಲ್ಲ.

ಸಂಸ್ಥಾನಗಳು ಕೊಟ್ಟ ಧನದ ನೆನಪಿಗಾಗಿ ದಳಗಳಿಗೆ ಈ ಹೆಸರುಗಳು ಬಂದುವು. ಸಂಸ್ಥಾನದ ಬೊಕ್ಕಸವೆಂದರೆ ಕೊನೆಗೆ ರೈತನು ತೆತ್ತ ಕಂದಾಯವೇ. ರಾಯಚೂರು, ಕಲಬುರಗಿ, ಬೀದರುಗಳ ಕನ್ನಡ ರೈತರೂ ಅಂದು ನಿಜಾಮರ ಪ್ರಜೆಗಳೇ. ಅವರಿಗೆ ಲಾಂಛನವೆಲ್ಲಿ? ಬಾಂಬಿನ ಮಳೆಯಲ್ಲಿ ಮನೆಯೊಳಗೇ ಮಡಿದ ಲಂಡನ್ನಿನ ಸಾಮಾನ್ಯರಿಗೆ ತಾನೇ ಎಲ್ಲಿ?

ಅದಕ್ಕೆ ಉತ್ತರವು ಆ ಕಿಟಕಿಯ ಕೆಳಗಿನ ಗೋಡೆಯಲ್ಲಿದೆಯೆಂದು ನಮಗೆ ತೋರುವುದು. ಯುದ್ಧಕಾಲದಲ್ಲಿ ಬಾಂಬಿನಿಂದ ಆ ಕಲ್ಲಿನಲ್ಲಿ ರಂಧ್ರವೊಂದಾಯಿತು. ಅದನ್ನು ಮುಚ್ಚಿ ಗಾರೆ ಬಳಿಯಲಿಲ್ಲ. ಗಾಜನ್ನು ಹೊದಿಸಿ ಹಾಗೆಯೇ ಉಳಿಸಿದರು. ಅಲ್ಲಿ ಹೆಸರಿಲ್ಲ, ಬಿರುದಿಲ್ಲ, ಬಣ್ಣವಿಲ್ಲ. ಇರುವುದು ಗಾಯದ ಗುರುತು ಮಾತ್ರ. ಲಾಂಛನವಿಲ್ಲದವರೆಲ್ಲರ ಪಾಲು ಅದೇ.

ಲಂಡನ್ನಿಗೆ ಹೋಗುವ ನಮ್ಮವರು ಮೇಲಿನ ಬಣ್ಣಗಳನ್ನು ಕಣ್ತುಂಬ ನೋಡಲಿ. ಆಮೇಲೆ ತಲೆತಗ್ಗಿಸಿ ಆ ರಂಧ್ರವನ್ನೂ ಒಂದು ಗಳಿಗೆ ನೋಡಿ ಬರಲಿ.