ಊರು ನೋಡುವ ಜಾಹೀರಾತು ನುಡಿಯನ್ನೂ ನೋಡಲಿ!

(ಕನ್ನಡ ವೆಬ್‌ಸೈಟು ನಡೆಸುವ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಪಿಯುಸಿ ಮುಗಿಸಿ ಪ್ರೆಸ್ಸಿನಲ್ಲಿ ಕೂತವನು. ಕಂಪ್ಯೂಟರ್ ಪಂಡಿತನಲ್ಲ. ಆದರೆ ಜಾಹೀರಾತು ಎಂದರೇನು ಎಂಬುದು ನನಗೆ ಗೊತ್ತು. ಅದನ್ನು ಅಚ್ಚು ಹಾಕಿಯೇ ಅನ್ನ ತಿನ್ನುತ್ತಿದ್ದೇನೆ. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

ದಾವಣಗೆರೆಯಲ್ಲಿ ಸೀರೆ ಅಂಗಡಿ ತೆರೆಯುವವನು 5,000 ಹ್ಯಾಂಡ್‌ಬಿಲ್ ಹೊಡೆಸುತ್ತಾನೆ. ಅದನ್ನು ಬೀದರಿಗೆ ಹೋಗಿ ಹಂಚುತ್ತಾನೆಯೇ? ಇಲ್ಲ. ಪೇಪರ್ ಹಾಕುವ ಹುಡುಗರನ್ನು ಹಿಡಿದು, ಅಂಗಡಿಯ ಸುತ್ತಲಿನ ನಾಲ್ಕು ಬಡಾವಣೆಯ ಪತ್ರಿಕೆಗಳ ಒಳಗೆ ಸೇರಿಸಿ ಕಳಿಸುತ್ತಾನೆ. ಇಂಟರ್‌ನೆಟ್‌ನಲ್ಲಿ ಇದೇ ಕೆಲಸಕ್ಕೆ ಜಿಯೋ ಟಾರ್ಗೆಟಿಂಗ್ ಎಂಬ ದೊಡ್ಡ ಹೆಸರು. ಹೆಸರಿಗೆ ಹೆದರಬೇಡಿ. ಊರು ನೋಡಿ ಜಾಹೀರಾತು ಹಂಚುವುದು, ಅಷ್ಟೇ.

ಓದುಗ ಯಾವ ಊರಿನಲ್ಲಿದ್ದಾನೆ ಎಂದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಇಂಟರ್‌ನೆಟ್ ಬಳಸುವ ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಈ ವಿಳಾಸಗಳನ್ನು ಕಟ್ಟುಕಟ್ಟಾಗಿ ದೇಶ ದೇಶದ ಸಂಪರ್ಕ ಕಂಪನಿಗಳಿಗೆ ಹಂಚಿರುತ್ತಾರೆ. ಯಾವ ಕಟ್ಟು ಯಾವ ಊರಿನಲ್ಲಿ ಬಳಕೆಯಲ್ಲಿದೆ ಎಂಬ ಪಟ್ಟಿ ನೋಡಿ ಯಂತ್ರ ಊಹಿಸುತ್ತದೆ. ಓದುಗ ಒಪ್ಪಿಗೆ ಕೊಟ್ಟರೆ ಮೊಬೈಲಿನ ಜಿಪಿಎಸ್ ಇನ್ನೂ ಕರಾರುವಾಕ್ಕಾಗಿ ಹೇಳುತ್ತದೆ. ಐಪಿ ಲೆಕ್ಕದಲ್ಲಿ ದೇಶ ಬಹುಮಟ್ಟಿಗೆ ಸರಿಯಾಗಿ ಸಿಗುತ್ತದೆ, ಊರು ಎಷ್ಟೋ ಸಲ ತಪ್ಪುತ್ತದೆ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ದೊಡ್ಡ ನಗರದ ಬಾಗಿಲಿನಿಂದ ಹೊರಗೆ ಬಿಡುತ್ತವೆ. ಹಾಗಾಗಿ ಸಾಗರದಲ್ಲಿ ಕೂತು ಓದುವವನು ಯಂತ್ರದ ಕಣ್ಣಿಗೆ ಬೆಂಗಳೂರಿನವನೋ ಚೆನ್ನೈನವನೋ ಆಗಿ ಕಾಣಬಹುದು. ಇದು ನಿಮಗೆ ತಿಳಿದಿರಬೇಕು.

ಇನ್ನು ದುಡ್ಡಿನ ಮಾತು. 2003ರಲ್ಲಿ ಗೂಗಲ್ ಆಡ್‌ಸೆನ್ಸ್ ತಂದಿತು. ಓದುಗ ನಿಮ್ಮ ಪುಟ ತೆರೆದ ಆ ಕ್ಷಣದಲ್ಲೇ ಹರಾಜು ನಡೆದು, ಹೆಚ್ಚು ಬೆಲೆ ಕೂಗಿದವನ ಜಾಹೀರಾತು ಬಂದು ಕೂರುತ್ತದೆ. ಯಾವ ದೇಶ, ಯಾವ ರಾಜ್ಯ, ಯಾವ ಊರು, ಎಷ್ಟು ಕಿಲೋಮೀಟರ್ ಸುತ್ತಳತೆ ಎಂದು ಆರಿಸುವವನು ಜಾಹೀರಾತುದಾರ, ನೀವಲ್ಲ. ನೀವು ಬರೆದ ಒಂದೇ ಲೇಖನವನ್ನು ಮಂಡ್ಯ, ದುಬೈ, ನ್ಯೂಜೆರ್ಸಿಗಳಲ್ಲಿ ಮೂವರು ಓದಿದರೆ ಮೂರು ಬೇರೆ ಜಾಹೀರಾತು, ಮೂರು ಬೇರೆ ದರ. ಸಾಮಾನ್ಯವಾಗಿ ಅಮೆರಿಕದ ಓದುಗನಿಗೆ ದರ ಹೆಚ್ಚು, ನಮ್ಮವನಿಗೆ ಕಡಿಮೆ. ನಿಮ್ಮ ಬರಹದ ಬೆಲೆಯನ್ನು ಓದುಗ ಕೂತ ಜಾಗ ನಿರ್ಧರಿಸುತ್ತಿದೆ!

ಊರು ಗೊತ್ತಾಯಿತು. ನುಡಿ?

2000ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಯಾಹೂ ಕಂಪನಿಯ ಮೇಲೆ ಒಂದು ಮೊಕದ್ದಮೆ ನಡೆಯಿತು. ನಾಜಿ ವಸ್ತುಗಳ ಹರಾಜು ಫ್ರಾನ್ಸಿನವರಿಗೆ ಸಿಗದಂತೆ ತಡೆಯಿರಿ ಎಂಬುದು ದೂರು. ಯಾರು ಎಲ್ಲಿಂದ ಬರುತ್ತಾರೋ ನಮಗೆ ತಿಳಿಯುವುದಿಲ್ಲ ಎಂದು ಕಂಪನಿ ವಾದಿಸಿತು. ನ್ಯಾಯಾಲಯ ಏನನ್ನು ಎತ್ತಿ ತೋರಿಸಿತು ಗೊತ್ತೇ? ಫ್ರಾನ್ಸಿನಿಂದ ಬಂದವರಿಗೆ ಅದೇ ಕಂಪನಿ ಫ್ರೆಂಚ್ ಭಾಷೆಯ ಜಾಹೀರಾತು ತೋರಿಸುತ್ತಿತ್ತು! ಫ್ರಾನ್ಸಿನ ಸುಮಾರು 70% ಬಳಕೆದಾರರನ್ನು ಐಪಿ ವಿಳಾಸದಿಂದ ಗುರುತಿಸಬಹುದು ಎಂದು ತಜ್ಞರೂ ವರದಿ ಕೊಟ್ಟರು. ಅಂದರೆ ಊರನ್ನೂ ನುಡಿಯನ್ನೂ ಜೋಡಿಸಿ ಜಾಹೀರಾತು ಕೊಡುವ ವಿದ್ಯೆ ಆಗಲೇ ಇತ್ತು. ನಮ್ಮ ಕನ್ನಡ ಪುಟಗಳ ಮೇಲೆ ಇವತ್ತೂ ಹಿಂದಿ, ಇಂಗ್ಲಿಷ್ ಜಾಹೀರಾತು ಬಂದು ಕೂರುವುದೇಕೆ?

ಯಂತ್ರ ತಾನಾಗಿ ಅನುವಾದ ಮಾಡುವುದಿಲ್ಲ. ಜಾಹೀರಾತುದಾರ ಬರೆದ ಭಾಷೆಯಲ್ಲೇ ಅದು ಕಾಣುತ್ತದೆ. ದೂರದ ಊರಿನ ಕಚೇರಿಯಲ್ಲಿ ಕೂತವನು ‘ಭಾರತ’ ಎಂದು ಒತ್ತಿ, ಒಂದೇ ಹಿಂದಿ ಜಾಹೀರಾತು ಬಿಟ್ಟರೆ ಅದು ಕೋಲಾರಕ್ಕೂ ಬರುತ್ತದೆ. ಗೂಗಲ್‌ನಲ್ಲಿ ಜಾಹೀರಾತು ಕೊಡುವವನು ಊರಿನ ಜೊತೆ ಕನ್ನಡ ಎಂಬ ಭಾಷೆಯನ್ನೂ ಆರಿಸಬಹುದು. ಆರಿಸಿದರೆ, ಕನ್ನಡ ಬಲ್ಲವರು ಯಾರೆಂದು ಯಂತ್ರ ಸೆಟ್ಟಿಂಗು, ಹುಡುಕಾಟ, ಓದಿದ ಪುಟ ಇತ್ಯಾದಿಗಳಿಂದ ಊಹಿಸುತ್ತದೆ. ನಿಮ್ಮಲ್ಲಿ ಎಷ್ಟು ಜನರ ಮೊಬೈಲು ಕನ್ನಡದಲ್ಲಿದೆ? ಕೈ ಎತ್ತಿ ನೋಡೋಣ!

ಊರನ್ನೇ ನುಡಿ ಎಂದುಕೊಂಡರೂ ನಷ್ಟವಿದೆ. ಪುಸ್ತಕ ಪ್ರಕಾಶಕನೊಬ್ಬ ‘ಕರ್ನಾಟಕ’ ಎಂದಷ್ಟೇ ಒತ್ತಿದರೆ ಕಾಸರಗೋಡು, ಅಕ್ಕಲಕೋಟೆ, ಹೊಸೂರು, ತಾಳವಾಡಿಯ ಕನ್ನಡಿಗರು ಗೆರೆಯ ಆಚೆ ಉಳಿಯುತ್ತಾರೆ. ಅವನು ನುಡಿ ಕನ್ನಡ ಇಟ್ಟು ಜಾಗವನ್ನು ಹಿಗ್ಗಿಸಬೇಕು. ಮಿಕ್ಸಿ ರಿಪೇರಿಯವನು ಜಾಗವನ್ನು ಕುಗ್ಗಿಸಬೇಕು. ಗೂಗಲ್ ತಾನಾಗಿ ಇಟ್ಟಿರುವ ಆಯ್ಕೆಯಲ್ಲಿ, ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರೂ ಸೇರುತ್ತಾರೆ. ಮಡಿಕೇರಿಯ ಹೋಮ್‌ಸ್ಟೇಗೆ ಅದು ಒಳ್ಳೆಯದು, ಪುಣೆಯವನೂ ಗಿರಾಕಿಯೇ. ಮಿಕ್ಸಿ ರಿಪೇರಿಯವನಿಗೆ ಅದು ದಂಡ. ‘ಇಲ್ಲಿ ಇರುವವರು ಮಾತ್ರ’ ಎಂಬುದನ್ನು ಆರಿಸಲು ಅವನಿಗೆ ನೀವೇ ಹೇಳಿಕೊಡಿ.

ಹಾಗಾದರೆ ವೆಬ್‌ಸೈಟು ನಡೆಸುವವರು ಏನು ಮಾಡಬೇಕು?

ಮೊದಲನೆಯದು, ನಿಮ್ಮ ಓದುಗರ ಊರುಗಳ ವರದಿ ನೋಡಿ. ತನ್ನ ಪತ್ರಿಕೆ ಯಾವ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೋಗುತ್ತದೆ ಎಂದು ತಿಳಿಯದ ಸಂಪಾದಕನಿಗೆ ಜಾಹೀರಾತು ಕೇಳುವ ಬಾಯಿ ಇರುವುದಿಲ್ಲ.

ಎರಡನೆಯದು, ಪುಟದ ಜಾಗವನ್ನೆಲ್ಲ ಹರಾಜಿಗೆ ಬಿಡಬೇಡಿ. ಒಂದು ಜಾಗ ನಿಮ್ಮ ಕೈಯಲ್ಲಿರಲಿ. ಅದನ್ನು ಅಂಗಡಿಯವನಿಗೆ, ಟ್ಯೂಷನ್ನಿನವನಿಗೆ ನೇರವಾಗಿ ತಿಂಗಳ ಲೆಕ್ಕದಲ್ಲಿ ಮಾರಿ, ಬಿಲ್ಲು ಕೊಡಿ. ಗೂಗಲ್ ಆಡ್ ಮ್ಯಾನೇಜರ್‌ನಂತಹ ಸಾಧನದಲ್ಲಿ ಇಂತಹ ಜಾಹೀರಾತನ್ನು ಇಂತಹ ಊರಿಗೆ ಎಂದು ನೀವೇ ಕಟ್ಟಬಹುದು, ಸಣ್ಣವರಿಗೆ ಅದು ಉಚಿತ. ಅಂಗಡಿಯವನಿಗೆ ಕನ್ನಡದಲ್ಲಿ ಬರೆಯಲು ಬಾರದಿದ್ದರೆ ನೀವೇ ಬರೆದುಕೊಡಿ. ಪ್ರೆಸ್ಸಿನಲ್ಲಿ ನಾವು ಮಾಡುವುದೂ ಅದನ್ನೇ!

ಮೂರನೆಯದು, ಅತಿಯಾಗಿ ಹೋಳು ಮಾಡಬೇಡಿ. ದಿನಕ್ಕೆ ಸಾವಿರ ಜನ ಓದುವ ಪುಟವನ್ನು 31 ಜಿಲ್ಲೆಗೆ ಹಂಚಿದರೆ ಯಾರಿಗೂ ಏನೂ ಸಿಗುವುದಿಲ್ಲ. ನಾಲ್ಕೈದು ಜಿಲ್ಲೆಯ ಒಂದೊಂದು ಗುಂಪು ಮಾಡಿ. ಊರು ಊಹಿಸುವಲ್ಲಿ ಯಂತ್ರ ಮಾಡುವ ತಪ್ಪೂ ಆಗ ಕಡಿಮೆ ತಟ್ಟುತ್ತದೆ.

ನಾಲ್ಕನೆಯದು, ಮೋಸ ಬೇಡ. ವಿಪಿಎನ್ ಹಾಕಿಕೊಂಡು ಅಮೆರಿಕದವನ ವೇಷದಲ್ಲಿ ತನ್ನ ಪುಟವನ್ನು ತಾನೇ ಒತ್ತುವವರಿದ್ದಾರೆ. ಸಿಕ್ಕಿಬಿದ್ದರೆ ಆಡ್‌ಸೆನ್ಸ್ ಖಾತೆ ಮುಚ್ಚುತ್ತದೆ, ಗಳಿಕೆಯೂ ಹೋಗುತ್ತದೆ.

ಐದನೆಯದು, ಓದುಗನ ಬೆನ್ನು ಹತ್ತಬೇಡಿ. ಸೀರೆ ಜಾಹೀರಾತಿಗೆ ಊರಿನ ಹೆಸರು ಸಾಕು, ಮನೆ ಬಾಗಿಲು ಬೇಡ. ಜಿಪಿಎಸ್ ಕೇಳುವುದಾದರೆ ಯಾಕೆಂದು ಕನ್ನಡದಲ್ಲಿ ಹೇಳಿ ಒಪ್ಪಿಗೆ ಪಡೆಯಿರಿ. 2023ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಗೂ ಒಪ್ಪಿಗೆಯೇ ಬುಡ.

ಕನ್ನಡದಲ್ಲಿ ಜಾಹೀರಾತಿಗೆ ಗಿರಾಕಿ ಇಲ್ಲ ಎಂದು ಹೇಳುವವರಿಗೆ ಘೋಷಣೆ ಕೂಗಿದರೆ ಸಾಲದು, ಲೆಕ್ಕ ತೋರಿಸಬೇಕು. ನನ್ನ ಕನ್ನಡ ಪುಟಕ್ಕೆ ಹಾಸನದಿಂದ ಇಷ್ಟು ಜನ, ಹುಬ್ಬಳ್ಳಿಯಿಂದ ಇಷ್ಟು ಜನ ಬರುತ್ತಾರೆ ಎಂಬ ಕಾಗದ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿ. ಒಬ್ಬ ಅಂಗಡಿಯವನು ಕನ್ನಡದಲ್ಲಿ ಜಾಹೀರಾತು ಕೊಟ್ಟು ಎರಡು ಸೀರೆ ಹೆಚ್ಚು ಮಾರಿದರೆ, ಪಕ್ಕದ ಅಂಗಡಿಯವನು ತಾನಾಗಿಯೇ ನಿಮ್ಮ ನಂಬರ್ ಕೇಳುತ್ತಾನೆ.