ಹಿಂದಿನ ಬೆಂಚಿಗೆ ಬೋರ್ಡು ಕಾಣ್ತಿರಲಿಲ್ಲ

(ಚೇಳೂರಿನಲ್ಲಿ ನಡೆದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ನಿವೃತ್ತ ನೇತ್ರ ಸಹಾಯಕರೊಬ್ಬರು ಆಡಿದ ಮಾತುಗಳು)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. 30 ವರ್ಷಕ್ಕೂ ಮೇಲೆ ನಾನು ಮಾಡಿದ ಕೆಲಸ ಒಂದೇ. ಜನರನ್ನು 20 ಅಡಿ ದೂರದಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಏನು ಕಾಣ್ತದೆ ಹೇಳಿ ಅಂತ ಕೇಳೋದು. ಆ ಕೆಲಸದ ಬಗ್ಗೆಯೇ ನಾಲ್ಕು ಮಾತು ಆಡ್ತೀನಿ, ತಪ್ಪಿದ್ದರೆ ತಿದ್ದಿ.

ನಾನು ಓದಿದ ಪ್ರೈಮರಿ ಸ್ಕೂಲಿನಲ್ಲಿ ನಮ್ಮ ಕೇರಿ ಮಕ್ಕಳು ಗೋಡೆಗೆ ಒರಗಿ ಕೂರಬೇಕಿತ್ತು. ಅಲ್ಲಿ ಕೂತುಕೊಳ್ಳಿ ಅಂತ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಆದರೆ ಜಾಗ ಅದೇ. ನನಗೋ ಹುಟ್ಟಿನಿಂದಲೇ ದೂರದ್ದು ಮಸುಕು. ಅದು ನನಗೂ ಗೊತ್ತಿರಲಿಲ್ಲ, ಎಲ್ಲರಿಗೂ ಹಿಂಗೇ ಕಾಣ್ತದೆ ಅಂದುಕೊಂಡಿದ್ದೆ. ಬೋರ್ಡಿನ ಮೇಲೆ ಬಿಳೀ ಹೊಗೆ ಆಡಿದಂಗೆ. ಪಕ್ಕದವನ ಸ್ಲೇಟು ನೋಡಿ ಬರೀತಿದ್ದೆ, ಅವನು ತಪ್ಪು ಬರೆದರೆ ನನ್ನದೂ ತಪ್ಪು. ಮೇಷ್ಟ್ರು ನನ್ನನ್ನು ದಡ್ಡ ಅಂತ ತೀರ್ಮಾನ ಮಾಡಿದರು, ಅದಕ್ಕೆ ನಮ್ಮ ಜಾತಿಯನ್ನೂ ಸೇರಿಸಿ ಒಂದು ವಿವರಣೆ ಕೊಟ್ಟರು. ಏಳನೇ ಕ್ಲಾಸಿನಲ್ಲಿ ಫೇಲಾದೆ. ಮಾರನೇ ವರ್ಷ ಊರ ಹತ್ತಿರ ಒಂದು ಕಣ್ಣಿನ ಕ್ಯಾಂಪ್ ಬಂತು. ಅಜ್ಜಿಯನ್ನು ಕರ್ಕೊಂಡು ಹೋಗಿದ್ದವನು ನಾನೂ ಸಾಲಿನಲ್ಲಿ ನಿಂತೆ. ಕನ್ನಡಕ ಹಾಕಿಕೊಂಡು ಹೊರಗೆ ಬಂದಾಗ ಹುಣಸೇ ಮರದಲ್ಲಿ ಒಂದೊಂದು ಎಲೆ ಬೇರೆ ಬೇರೆಯಾಗಿ ಕಂಡಿತು. ನಾನು ದಡ್ಡನಾಗಿರಲಿಲ್ಲ ಕಣ್ರೋ, ನನಗೆ ಬೋರ್ಡು ಕಾಣ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಕ್ಯಾಂಪ್ ಅಂದ ಕೂಡಲೇ ಹಳಬರ ಬಾಯಲ್ಲಿ ಬರೋದು ಡಾ. ಎಂ.ಸಿ. ಮೋದಿ ಅವರ ಹೆಸರು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದವರು, 2005ರಲ್ಲಿ ತೀರಿಕೊಂಡರು. ಊರೂರು ತಿರುಗಿ, ಒಂದೇ ದಿನದಲ್ಲಿ ನೂರಾರು ಕಣ್ಣಿಗೆ ಆಪರೇಷನ್ ಮಾಡಿದ ಮನುಷ್ಯ. ಬಡವರು ಆಸ್ಪತ್ರೆಗೆ ಬರೋಕಾಗಲ್ಲ, ಆಸ್ಪತ್ರೆಯೇ ಬಡವರ ಹತ್ತಿರ ಹೋಗಲಿ ಅನ್ನೋದನ್ನ ಮಾಡಿ ತೋರಿಸಿದರು. ದೊಡ್ಡ ಕೆಲಸ, ಕೈ ಮುಗೀತೀನಿ. ಆದರೆ ಕ್ಯಾಂಪ್ ಅನ್ನೋದು ಜಾತ್ರೆ ಇದ್ದಂಗೆ. ಇವತ್ತು ಇರ್ತದೆ, ನಾಳೆ ಟೆಂಟು ಕಿತ್ತುಕೊಂಡು ಹೋಗ್ತದೆ. ಆ ಕಾಲದ ಆಪರೇಷನ್ನಿನಲ್ಲಿ ಕಣ್ಣಿನೊಳಗೆ ಲೆನ್ಸ್ ಇಡ್ತಿರಲಿಲ್ಲ, ಸೋಡಾಬುಡ್ಡಿ ಕನ್ನಡಕ ಕೊಡ್ತಿದ್ದರು. ನಮ್ಮಜ್ಜಿ ಕನ್ನಡಕ ಆರು ತಿಂಗಳಲ್ಲಿ ಒಡೆದುಹೋಯ್ತು. ಹೊಸದು ಯಾರು ಕೊಡ್ತಾರೆ? ಸಾಯೋವರೆಗೂ ಅಜ್ಜಿ ಮತ್ತೆ ಗೋಡೆ ಹಿಡಿದುಕೊಂಡೇ ಓಡಾಡಿದಳು. ಆಪರೇಷನ್ ಲೆಕ್ಕದಲ್ಲಿ ಅವಳು ಗುಣವಾದವಳು.

ಹಂಗಾದರೆ ಬೇಕಾಗಿರೋದು ಏನು? ಟೆಂಟು ಕಿತ್ತ ಮೇಲೂ ಊರಲ್ಲಿ ಉಳಿಯೋ ಮನುಷ್ಯ. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದಾಗ ಈ ಮಾತು ಅದರಲ್ಲಿತ್ತು. ಎರಡು ವರ್ಷ ತರಬೇತಿ ಕೊಟ್ಟ ನೇತ್ರ ಸಹಾಯಕರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಬೇಕು ಅಂತ. ನಾನು ಆ ತರಬೇತಿಯಿಂದ ಬಂದವನು. ಪೊರೆ ಗುರುತಿಸೋದು, ಕನ್ನಡಕದ ನಂಬರ್ ತೆಗೆಯೋದು, ಕಣ್ಣಿನ ಒತ್ತಡ ಅಳೆಯೋದು, ಕಸ ಬಿದ್ದರೆ ತೆಗೆಯೋದು, ಯಾರನ್ನು ಯಾವಾಗ ಡಾಕ್ಟರ ಹತ್ತಿರ ಕಳಿಸಬೇಕು ಅಂತ ತಿಳಿಯೋದು, ಇಷ್ಟು ಕಲಿಸ್ತಾರೆ. ಕತ್ತರಿ ಹಿಡಿಯೋದು ಡಾಕ್ಟರೇ. ಆದರೆ ಆ ಕತ್ತರಿವರೆಗೆ ನಮ್ಮಮ್ಮನನ್ನು ಕರ್ಕೊಂಡು ಹೋಗೋನು ಸಹಾಯಕ.

ಅದೇ 1976ರಲ್ಲಿ ಮಧುರೈನಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯ ಅರವಿಂದ್ ಕಣ್ಣಿನ ಆಸ್ಪತ್ರೆ ತೆರೆದರು. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದ ಡಾಕ್ಟರು. ಆ ಬೆರಳಲ್ಲೇ ಆಪರೇಷನ್ ಕಲಿತವರು. ಅವರು ಕಂಡುಕೊಂಡದ್ದು ಏನಂದರೆ, ಕಣ್ಣಿನ ಚಿಕಿತ್ಸೆಯಲ್ಲಿ ಡಾಕ್ಟರೇ ಮಾಡಬೇಕಾದ್ದು ಸ್ವಲ್ಪ, ಉಳಿದದ್ದನ್ನೆಲ್ಲ ಚೆನ್ನಾಗಿ ಕಲಿಸಿದರೆ ಹಳ್ಳಿ ಹೆಣ್ಣುಮಕ್ಕಳು ಮಾಡ್ತಾರೆ. 12ನೇ ತರಗತಿ ಮುಗಿಸಿದ ಹಳ್ಳಿ ಹುಡುಗಿಯರಿಗೆ ಎರಡು ವರ್ಷ ತರಬೇತಿ. ಆಸ್ಪತ್ರೆ ನಿಂತಿರೋದೇ ಅವರ ಮೇಲೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯವರು ಒಂದು ವರ್ಷ ಕಲಿಸಿ, ಸುಮಾರು 50,000 ಜನಕ್ಕೆ ಒಂದು ದೃಷ್ಟಿ ಕೇಂದ್ರ ಅಂತ ಹಳ್ಳಿಗಳಲ್ಲಿ ಕೂರಿಸಿದರು. ನಮ್ಮ ಕರ್ನಾಟಕದಲ್ಲೇ ನೋಡಿ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ಹಿಂಪರದೆಯನ್ನು ಹುಟ್ಟಿದ ಒಂದು ತಿಂಗಳೊಳಗೆ ನೋಡದಿದ್ದರೆ ಕೆಲವು ಕೂಸು ಕುರುಡಾಗ್ತವೆ. ನಾರಾಯಣ ನೇತ್ರಾಲಯದವರು 2008ರಿಂದ ತರಬೇತಿ ಪಡೆದ ತಂತ್ರಜ್ಞರನ್ನು ಕ್ಯಾಮರಾ ಕೊಟ್ಟು ಜಿಲ್ಲೆಗಳ ಆಸ್ಪತ್ರೆಗೆ ಕಳಿಸ್ತಾರೆ. ಚಿತ್ರ ಬೆಂಗಳೂರಿಗೆ ಹೋಗ್ತದೆ, ಡಾಕ್ಟರು ಅಲ್ಲಿಂದಲೇ ನೋಡ್ತಾರೆ.

ಡಾಕ್ಟರು ಹಳ್ಳಿಗೆ ಬರ್ತಿಲ್ಲ ಅಂತ ನಾವು ಬೇಕಾದಷ್ಟು ಅರ್ಜಿ ಬರೆದಿದ್ದೀವಿ. ಸರಿ, ಬರೀಬೇಕು. ಆದರೆ ಇನ್ನೊಂದು ಪ್ರಶ್ನೆ ನಾವು ಕೇಳಿಲ್ಲ. ಕಣ್ಣು ಮುಟ್ಟೋ ಕೈ ಯಾರದು?

ಕಣ್ಣಿನ ಪರೀಕ್ಷೆ ಬೇರೆ ಪರೀಕ್ಷೆ ಇದ್ದಂಗಲ್ಲ. ರೆಪ್ಪೆ ಕೆಳಗೆಳೀಬೇಕು. ಕಣ್ಣಿನೊಳಗೆ ನೋಡೋ ಉಪಕರಣ ಹಿಡಿದರೆ ನನ್ನ ಮುಖ ಅವನ ಮುಖದ ಹತ್ತಿರ, ನನ್ನ ಉಸಿರು ಅವನ ಕೆನ್ನೆಗೆ ತಾಗ್ತದೆ. ನಾನು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಒಬ್ಬ ಗೌಡರು ಬಂದು ಕೂತರು. ಯಾವೂರು, ಯಾರ ಮಗ, ಯಾವ ಕಡೆಯ ಮನೆ ಅಂತ ಒಂದೊಂದೇ ಕೇಳಿದರು. ಹೇಳಿದೆ. "ಡಾಕ್ಟರು ಬಂದಾಗ ತೋರಿಸ್ತೀನಿ ಬಿಡಪ್ಪ" ಅಂತ ಎದ್ದು ಹೋದರು. ಎರಡು ವರ್ಷ ಆದ ಮೇಲೆ ಎರಡೂ ಕಣ್ಣಿಗೆ ಪೊರೆ ಬಲಿತು, ಮಗನ ತೋಳು ಹಿಡ್ಕೊಂಡು ಸಂಜೆ ಹೊತ್ತು, ಯಾರೂ ಇಲ್ಲದಾಗ ಬಂದರು. ನೋಡಿದೆ, ಚೀಟಿ ಬರ್ಕೊಟ್ಟೆ. ಏನೂ ಅನ್ನಲಿಲ್ಲ. ಅನ್ನಬೇಕಿತ್ತೇನೋ, ಈಗಲೂ ಗೊತ್ತಿಲ್ಲ.

ನಮ್ಮವರ ಕಡೆಯ ಕಷ್ಟ ಬೇರೆ ತರಹದ್ದು. ಕೇರಿಯ ಮುದುಕಿಯರು ಅಕ್ಷರದ ಪಟ ನೋಡಿದ ತಕ್ಷಣ ತಲೆ ತಗ್ಗಿಸ್ತಾರೆ, "ನಂಗೆ ಓದಕ್ಕೆ ಬರಕಿಲ್ಲ ಸಾಮಿ" ಅಂತ. ಅದಕ್ಕೇ ಇಂಗ್ಲಿಷಿನ ಇ ಅಕ್ಷರ ಒಂದನ್ನೇ ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಪಟ ಇದೆ. ಕಾಲು ಯಾವ ಕಡೆಗಿದೆ ಕೈಯಲ್ಲಿ ತೋರಿಸಿದರೆ ಸಾಕು. ಈ ಪಟವನ್ನು ತೆಗೆದು ಎದುರಿಗಿಡೋ ತಾಳ್ಮೆ ಇರೋನು ಬೇಕು. "ವಯಸ್ಸಾಯ್ತು, ಇನ್ನೇನು ನೋಡಬೇಕಿತ್ತು" ಅನ್ನೋ ಮಾತು ಅವಳ ಬಾಯಿಂದ ಬಂದಾಗ, ಅದು ವೈರಾಗ್ಯ ಅಲ್ಲ, ಬಸ್ ಚಾರ್ಜು ಮತ್ತು ಮಗನ ಒಂದು ದಿನದ ಕೂಲಿ ಅಂತ ತಿಳಿಯೋನು ಬೇಕು. ಚೇಳೂರಿಂದ ಗುಬ್ಬಿ, ಗುಬ್ಬಿಯಿಂದ ತುಮಕೂರು, ಅಲ್ಲಿಂದ ನಾಳೆ ಬಾ ಅಂತಾರೆ. 2015ರಿಂದ 2019ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆಯಲ್ಲಿ, 50 ದಾಟಿದವರ ಕುರುಡಿಗೆ ಮೂರರಲ್ಲಿ ಎರಡು ಪಾಲು ಕಾರಣ ಪೊರೆಯೇ. ತೆಗೆದರೆ ಹೋಗುವಂಥದ್ದು! ಓದು ಬಾರದವರಲ್ಲಿ ಈ ಕುರುಡು ಓದಿದವರಿಗಿಂತ ಹಲವು ಪಟ್ಟು ಹೆಚ್ಚು. ಓದು ಬಾರದವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನು ದುಡಿಯೋ ಕಣ್ಣು. ರಾಗಿ ಬಡಿಯುವಾಗ, ಕಲ್ಲು ಒಡೆಯುವಾಗ ಕಣ್ಣಿಗೆ ಸಿಡಿದರೆ ನಮ್ಮವರು ಮೊದಲು ಹಾಕೋದು ಎಲೆ ರಸ, ಇಲ್ಲಾ ಎದೆಹಾಲು. ಮೂರನೇ ದಿನಕ್ಕೆ ಕೀವು, ಆಮೇಲೆ ಬಿಳೀ ಹೂವು, ಆಮೇಲೆ ಆ ಕಣ್ಣಿಲ್ಲ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಸ್ವಯಂಸೇವಕರಿಗೇ ಗಾಯ ಗುರುತಿಸೋದು, ಮುಲಾಮು ಹಾಕೋದು ಕಲಿಸಿದರು. ಗಾಯವಾದ 18 ಗಂಟೆಯೊಳಗೆ ಮುಲಾಮು ಬಿದ್ದವರ ಕಣ್ಣು ಹೆಚ್ಚುಕಮ್ಮಿ ಎಲ್ಲವೂ ಉಳಿದವು. 2001ರಲ್ಲಿ ಪ್ರಕಟವಾದ ಅಧ್ಯಯನ ಅದು. ಅಸ್ಸಾಮಿನ ಟೀ ತೋಟದಲ್ಲಿ 40 ದಾಟಿದ ಕೂಲಿಕಾರರಿಗೆ ಹತ್ತಿರದ್ದು ಕಾಣೋ ಕನ್ನಡಕ ಕೊಟ್ಟು ನೋಡಿದರು. ಸಿಕ್ಕವರ ದುಡಿಮೆ ಸಿಗದವರಿಗಿಂತ ನೂರಕ್ಕೆ 20ಕ್ಕೂ ಮೇಲೆ ಏರಿತು. 2018ರ ಮಾತು. ತೋಟದ ಮಾಲೀಕನಿಗೆ ಲಾಭ ಅಂತ ಅದನ್ನ ಓದಬೇಡಿ, ಕೂಲಿ ಲೆಕ್ಕ ನಮ್ಮದೂ ಅಲ್ವಾ?

ಹಾಸ್ಟೆಲ್‌ನಲ್ಲಿರೋ ನೀವು ಎಲ್ಲರೂ ಪಿಡಿಒ ಆಗಬೇಕು, ಪೊಲೀಸ್ ಆಗಬೇಕು ಅಂತೀರಿ. ಆಗಿ. ಆದರೆ ಈ ದಾರೀನೂ ತಿಳ್ಕೊಳ್ಳಿ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನಿಂದ ನೇತ್ರ ತಂತ್ರಜ್ಞಾನದ ಡಿಪ್ಲೊಮಾ ಇದೆ, ಎಸ್ಸೆಸ್ಸೆಲ್ಸಿ ಆದವರಿಗೂ ಪಿಯುಸಿ ಆದವರಿಗೂ ಬಾಗಿಲಿದೆ. ಪಿಯುಸಿ ಸೈನ್ಸ್ ಮಾಡಿದವರಿಗೆ ಆಪ್ಟೊಮೆಟ್ರಿ ಪದವಿ ಇದೆ, ಅದರ ಕೊನೆಯ ವರ್ಷ ಆಸ್ಪತ್ರೆ ತರಬೇತಿ. 2021ರಲ್ಲಿ ಈ ವೃತ್ತಿಗಳಿಗೆಂದೇ ಒಂದು ಕೇಂದ್ರ ಕಾಯ್ದೆ ಬಂತು. ಸೇರೋ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಬೋರ್ಡಿನಲ್ಲೇ ಕೇಳಿ. ಬಣ್ಣದ ಪಾಂಪ್ಲೆಟ್ಟು ನಂಬಿ ಅಪ್ಪನ ಕುರಿ ಮಾರಬೇಡಿ. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಬಗ್ಗೆ ವಾರ್ಡನ್ನರನ್ನು ಬಿಡದೆ ಕಾಡಿ.

ಕಲಿತರೆ ಸಾಲದು. ತಾಲ್ಲೂಕಿನಲ್ಲಿ ಹುದ್ದೆ ಎಷ್ಟು, ಖಾಲಿ ಎಷ್ಟು, ಗುತ್ತಿಗೆ ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಅರ್ಜಿ. ಗುತ್ತಿಗೆ ಅಂದರೆ ರೋಸ್ಟರ್ ಎಲ್ಲಿ ಹೋಯ್ತು ಅಂತಾನೂ ಕೇಳಿ. ಅರ್ಧ ಸಂಬಳಕ್ಕೆ ಸೇವೆ ಮಾಡಿ ಅನ್ನೋರು ಬರ್ತಾರೆ, ಹುಷಾರು. ಸೇವೆ ಅನ್ನೋ ಹೆಸರಲ್ಲಿ ಬಿಟ್ಟಿ ಕೆಲಸ ನಮ್ಮ ತಾತಂದಿರು ಬೇಕಾದಷ್ಟು ಮಾಡಿದ್ದಾರೆ.

ಸಾಕು, ಬಹಳ ಮಾತಾಡಿದೆ. ಬ್ಯಾಗಿನಲ್ಲಿ ಪಟ ತಂದಿದ್ದೀನಿ. ಊಟದ ಹಾಲಿನ ಗೋಡೆಗೆ ತೂಗುಹಾಕಿ 20 ಅಡಿ ಅಳೆದು ಗೆರೆ ಎಳೀರಿ. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಹುಡುಗರು ನನ್ನ ಜೊತೆ ನಿಂತು ಬರ್ಕೊಳ್ಳೋದು ಕಲೀಲಿ. ಕನ್ನಡಕ ಇರೋರು ಹಾಕ್ಕೊಂಡೇ ಬನ್ನಿ. ಕ್ಲಾಸಿನಲ್ಲಿ ಹಿಂದೆ ಕೂರೋರು ಮೊದಲು.

ಜೈ ಭೀಮ್.