ಅಡುಗೆಮನೆಗೊಂದು ಜಗುಲಿ

ನಮ್ಮ ಊರಿನ ಬಡಾವಣೆಗಳಲ್ಲಿ ಸಂಜೆ ತಿರುಗಾಡುವ ಅಭ್ಯಾಸವುಳ್ಳವರಿಗೆ ಮನೆಗಳ ಹೆಸರನ್ನು ಓದುವುದು ಒಂದು ಬಿಟ್ಟಿ ವಿನೋದ. ಸರಸ್ವತೀಪುರದಿಂದ ಹೊರಟು ಕುವೆಂಪುನಗರ ಮುಟ್ಟುವುದರೊಳಗೆ ‘ನಿಲಯ’ಗಳು, ‘ಸದನ’ಗಳು, ‘ಕೃಪಾ’ಗಳು ಸಾಲುಸಾಲಾಗಿ ಎದುರಾಗುತ್ತವೆ, ನಡುವೆ ಅಲ್ಲೊಂದು ಇಲ್ಲೊಂದು ‘ಕುಟೀರ’. ಕುಟೀರವೆಂದರೆ ಸಣ್ಣ ಗುಡಿಸಲು ಎಂದು ನಿಘಂಟು ಹೇಳುತ್ತದೆ. ಈ ಕುಟೀರಗಳಿಗಾದರೋ ಮೂರು ಅಂತಸ್ತು, ಕೆಳಗೆ ಎರಡು ಕಾರು, ಮೇಲೆ ಎರಡು ನೀರಿನ ಟ್ಯಾಂಕು. ನಗುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಅಷ್ಟು ದೊಡ್ಡ ಮನೆ ಕಟ್ಟಿದವನಿಗೂ ಅದಕ್ಕೆ ಸಣ್ಣ ಮನೆಯ ಹೆಸರಿಡಬೇಕೆಂದು ತೋರಿತಲ್ಲ, ಯಾವುದೋ ಒಂದು ಹಿತ ಕೈತಪ್ಪಿದೆಯೆಂಬ ಅರಿವು ಆ ಹೆಸರಿನಲ್ಲಿ ಅಡಗಿದೆಯೆಂದೇ ನನ್ನ ಊಹೆ.

ಈ ಹಿತವನ್ನು ಈಗ ‘ಕಾಟೇಜ್’ ಎಂಬ ಮಾತಿನಿಂದ ಗುರುತಿಸುವುದು ರೂಢಿಯಾಗಿದೆ. ನಮ್ಮಲ್ಲಿ ಆ ಮಾತಿಗೆ ಕೊಡಗಿನ ಕಾಫಿ ತೋಟದ ನಡುವೆ ದಿನಕ್ಕಿಷ್ಟೆಂದು ಬಾಡಿಗೆಗೆ ದೊರೆಯುವ ಹೆಂಚಿನ ಮನೆಯೆಂದು ಅರ್ಥ. ಅದು ಹುಟ್ಟಿದ ನಾಡಿನಲ್ಲಿ ಅತ್ಯಲ್ಪ ನೆಲವಿದ್ದ, ಇಲ್ಲವೆ ನೆಲವೇ ಇಲ್ಲದ ಕೂಲಿಗಾರನ ಬಿಡಾರವಾಗಿತ್ತು. ಬಡವನ ಮನೆ ಸಿರಿವಂತನ ಕನಸಾದದ್ದು ಹೊಸತೇನಲ್ಲ. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ 1783ರಲ್ಲಿ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿ ತನ್ನ ವಿಹಾರಕ್ಕೆಂದು ಒಂದು ಪುಟ್ಟ ಹಳ್ಳಿಯನ್ನೇ ಕಟ್ಟಿಸತೊಡಗಿದಳು: ಹುಲ್ಲು ಹೊದಿಸಿದ ಮನೆಗಳು, ಹಾಲುಮನೆ, ಕೊಳ, ಹಳತಾಗಿ ಕಾಣಲೆಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಬಿರುಕುಗಳು. 1789ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಹೆಂಗಸರು ರೊಟ್ಟಿ ಬೇಡುತ್ತ ಅದೇ ಅರಮನೆಯ ಬಾಗಿಲಿಗೆ ನಡೆದುಬಂದರು. ಆ ಹೆಂಗಸರ ಮನೆಗಳಲ್ಲಿ ಬಿರುಕುಗಳನ್ನು ಬರೆಸಬೇಕಾಗಿರಲಿಲ್ಲ.

ಮನೆಯ ಹಿತವನ್ನು ಕುರಿತು ಇಂಗ್ಲಿಷರು ಬರೆದುದನ್ನು ಓದಿದರೆ ಎಲ್ಲೆಲ್ಲಿಯೂ ಬೆಂಕಿಯ ಬಿಸುಪು ತಾಗುತ್ತದೆ: ಒಳಗೆ ಉರಿಯುವ ಅಗ್ಗಿಷ್ಟಿಕೆ, ಉಣ್ಣೆಯ ಹೊದಿಕೆ, ಹೊರಗೆ ಹಿಮ. ಚಳಿನಾಡಿನವರಿಗೆ ಅದು ಸಹಜ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಹಿಮವೂ ಇಲ್ಲ, ಅಗ್ಗಿಷ್ಟಿಕೆಯ ಅಗತ್ಯವೂ ಇಲ್ಲ. ಕನ್ನಡದ ನುಡಿಗಟ್ಟುಗಳನ್ನು ಕೇಳಿ ನೋಡಿ, ಹಿತವೆಂದರೆ ನಮಗೆ ತಂಪು. ಉಪಕಾರ ಪಡೆದ ಮುದುಕಿ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತಾಳೆ. ನೆರವಾದವರನ್ನು ‘ತಂಪು ಹೊತ್ತಿನಲ್ಲಿ ನೆನೆಯಬೇಕು’ ಎನ್ನುತ್ತೇವೆ. ಉರಿಯನ್ನು ನಾವು ಅಸೂಯೆಗೆ ಬಿಟ್ಟುಕೊಟ್ಟಿದ್ದೇವೆ. ಮಾರ್ಗಶಿರದ ಬೆಳಗಿನಲ್ಲಿ ಬಚ್ಚಲುಮನೆಯ ಹಂಡೆ ಒಲೆಯ ಮುಂದೆ ಕೈಕಾಯಿಸಿದವರು ಇದನ್ನು ಒಪ್ಪಲಿಕ್ಕಿಲ್ಲ. ಅವರಿಗೆ ವರ್ಷದಲ್ಲಿ ಒಂದು ತಿಂಗಳ ವಿನಾಯಿತಿ ಕೊಡಬಹುದು.

ಹಳೆಯ ಮನೆಯ ತಂಪಿಗೆ ಕಾರಣಗಳು ಸರಳವಾದವು. ದಪ್ಪನೆಯ ಮಣ್ಣಿನ ಗೋಡೆ ಬಿಸಿಲನ್ನು ಹೀರಿಕೊಂಡು ನಿಧಾನವಾಗಿ ಒಳಕ್ಕೆ ಬಿಡುತ್ತಿತ್ತು. ಶಾಖ ಕೋಣೆಯನ್ನು ಮುಟ್ಟುವ ಹೊತ್ತಿಗೆ ಹೊರಗೆ ಸಂಜೆಯಾಗಿರುತ್ತಿತ್ತು. ನಡುವಣ ತೊಟ್ಟಿಯಿಂದ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಇನ್ನು ಹೆಂಚು. ಮೊದಲು ಕುಂಬಾರ ತಿಗರಿಯ ಮೇಲೆ ತಿರುಗಿಸಿ ಮಾಡಿದ ನಾಡಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು. ಎರಡರಲ್ಲಿಯೂ ಹೆಂಚಿಗೂ ಹೆಂಚಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಮಾಡು ಉಸಿರಾಡುವುದು ಆ ಸಂದಿನಿಂದ.

ಇಂದು ಮೈಸೂರಿನ ಅನೇಕ ಹೊಸ ಮನೆಗಳ ನೆತ್ತಿಯ ಮೇಲೆ ಕೆಂಪು ಹೆಂಚು ಕಾಣುತ್ತದೆ. ಕುಪ್ಪಳಿಯ ಕವಿಮನೆಯನ್ನು ನೋಡಿಬಂದ ಉತ್ಸಾಹವೋ ರೆಸಾರ್ಟಿನಲ್ಲಿ ಎರಡು ರಾತ್ರಿ ತಂಗಿಬಂದ ನೆನಪೋ, ಅಂತೂ ಹೆಂಚು ಮರಳಿ ಬಂದಿದೆ. ಆದರೆ ಅದು ಕೂತಿರುವುದು ಓರೆಯಾಗಿ ಹಾಕಿದ ಕಾಂಕ್ರೀಟಿನ ಮೇಲೆ, ಗಾರೆಯಲ್ಲಿ ಮೆತ್ತಿಕೊಂಡು. ಕೆಳಗೆ ಗಾಳಿಗೆ ಎಡೆಯಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಮಲಗಿದವರ ಮೇಲೆ ತನ್ನ ಸೇಡು ತೀರಿಸಿಕೊಳ್ಳುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆ ಕಟ್ಟಿಸಿಕೊಡುವ ಗುತ್ತಿಗೆದಾರನಾಗಿದ್ದಾನೆ. ಅವನನ್ನು ಈ ಬಗ್ಗೆ ಕೇಳಿದೆ. “ಮೇಷ್ಟ್ರೇ, ಹೆಂಚು ಕಾಣಿಸಬೇಕು ಅಂತಾರೆ. ಅದರ ಕೆಳಗೆ ಗಾಳಿ ಆಡಬೇಕು ಅಂತ ಒಬ್ಬರೂ ಕೇಳೋದಿಲ್ಲ. ಗಾಳಿ ಫೋಟೋದಲ್ಲಿ ಬೀಳೋದಿಲ್ಲವಲ್ಲ!” ಎಂದ. ತರಗತಿಯಲ್ಲಿ ಅವನು ಇಷ್ಟು ಚೆನ್ನಾಗಿ ಉತ್ತರ ಹೇಳಿದ್ದು ನನಗೆ ನೆನಪಿಲ್ಲ.

ಇಲ್ಲಿಗೆ ನಿಲ್ಲಿಸಿ ಹಳೆಯ ಮನೆಯನ್ನು ಹೊಗಳುತ್ತ ಕೂರಬಹುದು. ಅದು ಅರ್ಧ ಸತ್ಯವಾದೀತು. ಹಿತಕ್ಕೂ ಇಕ್ಕಟ್ಟಿಗೂ, ನೆರಳಿಗೂ ಕತ್ತಲೆಗೂ ನಂಟಿದೆ. 1898ರಲ್ಲಿ ಈ ಸೀಮೆಗೆ ಪ್ಲೇಗು ಬಂದಾಗ ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿದ್ದ ಮನೆಗಳಲ್ಲಿ ಇಲಿಗಳಿಗೆ ಅಡಗಲು ಬೇಕಾದಷ್ಟು ಎಡೆಯಿತ್ತು. ಆ ಅನುಭವದ ಬಳಿಕ 1903ರಲ್ಲಿ ಮೈಸೂರಿನ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಅಗಲವಾದ ಬೀದಿಗಳು, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳು ಬಂದವು. ಇಂದು ನಾವು ಪಾರಂಪರಿಕವೆಂದು ಕರೆದು ಮೆಚ್ಚುವ ಬಡಾವಣೆಗಳು ಒಂದು ಕಾಲಕ್ಕೆ ಹಳೆಯ ಮನೆಗಳಿಂದ ಪಾರಾಗಲು ಹುಡುಕಿದ ದಾರಿಗಳು.

ಇನ್ನೊಂದು ಕತ್ತಲೆ ಪ್ಲೇಗಿನಂತೆ ಬಂದುಹೋಗುವಂಥದಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣೊಬ್ಬಳು ಮಲೆನಾಡಿನ ತುಂಬುಮನೆಯಲ್ಲಿ ತನ್ನ ಆಯುಷ್ಯವನ್ನೆಲ್ಲ ದುಡಿಮೆಯಲ್ಲಿ ಸವೆಸಿದ ಕಥೆ ಅದು. ತೊಟ್ಟಿಮನೆಯ ಚೆಲುವನ್ನು ಬಣ್ಣಿಸಲು ಹೊರಡುವವರು ಆ ಕಾದಂಬರಿಯನ್ನು ಒಮ್ಮೆ ಓದಿಕೊಳ್ಳುವುದು ಲೇಸು. ಹಳೆಯ ಮನೆಯಲ್ಲಿ ಕುಳಿತುಕೊಳ್ಳುವ ಜಾಗಗಳನ್ನು ಎಣಿಸೋಣ: ಬೀದಿಗೆ ಜಗುಲಿ, ಒಳಗೆ ಪಡಸಾಲೆಯ ಕಂಬದ ಬುಡ, ತೂಗುಮಂಚ, ಆರಾಮ ಕುರ್ಚಿ. ಇವೆಲ್ಲ ಬಹುಮಟ್ಟಿಗೆ ಗಂಡಸರವು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಒಂದು ಮಣೆ; ಅದೂ ಕೆಲಸಕ್ಕೆ, ವಿರಾಮಕ್ಕಲ್ಲ. ಹೆಂಗಸರಿಗೆ ಸ್ವಂತವೆನ್ನಬಹುದಾಗಿದ್ದುದು ಮಧ್ಯಾಹ್ನದ ಮೇಲೆ ಹಿತ್ತಿಲ ಬಾಗಿಲಿನ ಕಟ್ಟೆ, ಒಂದು ಗಳಿಗೆ, ಹೂವು ಕಟ್ಟುತ್ತ. ಅಲ್ಲಿಯೂ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯ ಹಿತವೆಲ್ಲ ಹುಟ್ಟುತ್ತಿದ್ದ ಜಾಗದಲ್ಲಿ ಹಿತವಾಗಿ ಕೂರಲು ಎಡೆಯಿರಲಿಲ್ಲ.

ಹಾಗೆಂದು ಜಗುಲಿಯ ಗುಣವನ್ನು ಮರೆಯಲಾಗದು. ಕಾರಣವಿಲ್ಲದೆ ಕುಳಿತುಕೊಳ್ಳಲು ಅನುಮತಿಯಿದ್ದ ಜಾಗ ಅದು. ದಾರಿಹೋಕ ಕೂರಬಹುದು, ಗೊಲ್ಲಿತಿ ಗಡಿಗೆ ಇಳಿಸಿ ಕೂರಬಹುದು, ಜಗಳವಾಡಿಕೊಂಡ ಮಗ ಒಳಕ್ಕೆ ಬಾರದೆಯೂ ಮನೆಯಲ್ಲೇ ಇರಬಹುದು. ಎಲ್ಲರಿಗೂ ಇತ್ತೆನ್ನಲಾರೆ, ಜಾತಿ ನೋಡಿ ಅಂಗಳದಲ್ಲೇ ನಿಲ್ಲಿಸಿದ ಜಗುಲಿಗಳು ಎಷ್ಟೋ. ಆದರೂ ಕೆಲಸವಿಲ್ಲದವನಿಗೂ ಮನೆಯಲ್ಲೊಂದು ನೆಲೆಯುಂಟು ಎಂಬ ಭಾವವನ್ನು ಕಲ್ಲುಗಾರೆಯಲ್ಲಿ ಕಟ್ಟಿ ನಿಲ್ಲಿಸಿದ್ದು ಅದೇ. ಸೋಫಾಕ್ಕೆ ಆ ಶಕ್ತಿಯಿಲ್ಲ. ಸೋಫಾದ ಮೇಲೆ ಕುಳಿತವರು ಅತಿಥಿಗಳಾಗುತ್ತಾರೆ, ಇಲ್ಲವೆ ಟಿ. ವಿ. ನೋಡುವವರಾಗುತ್ತಾರೆ.

ನನಗೆ ಬಳಕೆಯಿರುವ ಒಂದು ಕುಟುಂಬ ಕೃಷ್ಣಮೂರ್ತಿಪುರದ ಹಳೆಯ ಹೆಂಚಿನ ಮನೆಯನ್ನು ಮಾರಿ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಗೆ ಹೋಯಿತು. ಮಾರಿದ್ದು ತಪ್ಪೆನ್ನಲಾರೆ, ತೊಲೆಗಳಿಗೆ ಗೆದ್ದಲು ಹತ್ತಿತ್ತು, ಅಣ್ಣತಮ್ಮಂದಿರಿಗೆ ಪಾಲಾಗಬೇಕಿತ್ತು. ಹೊಸ ಮನೆಯಲ್ಲಿ ಆ ಮನೆಯ ಅಜ್ಜಿಗೆ ಒಳ್ಳೆಯ ಕೋಣೆ, ಅದಕ್ಕೇ ಸೇರಿದ ಬಚ್ಚಲು, ಫ್ಯಾನು, ಎಲ್ಲವನ್ನೂ ಒದಗಿಸಿದ್ದಾರೆ. “ಏನಮ್ಮ, ಅನುಕೂಲವಾಗಿದೆಯೇ?” ಎಂದು ವಿಚಾರಿಸಿದೆ. “ಎಲ್ಲಾ ಇದೆಯಪ್ಪ. ಆದರೆ ಇಲ್ಲಿ ನಾನು ಕೋಣೇಲಿರ್ತೀನಿ, ಮನೇಲಿರೋದಿಲ್ಲ” ಎಂದರು. ಅವರಿಗೆ ಬೇಕಾಗಿದ್ದುದು ಹೆಂಚೂ ಅಲ್ಲ, ತೊಟ್ಟಿಯೂ ಅಲ್ಲ. ಸೊಸೆ ಹುಳಿಗೆ ಹೆಚ್ಚುವಾಗ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುವ ಎರಡು ಅಡಿ ಜಾಗ. ನಿಂತು ಅಡುಗೆ ಮಾಡುವ ಇಂದಿನ ಅಡುಗೆಮನೆಯಲ್ಲಿ ಕೂರುವವರ ವಿಚಾರವನ್ನು ಯಾರೂ ಮಾಡಿಲ್ಲ. ಅದರ ಫಲವಾಗಿ ಸೊಸೆಯೂ ಒಬ್ಬಳೇ, ಅತ್ತೆಯೂ ಒಬ್ಬಳೇ.

ಮನೆಗೆ ಹಿತ ತರಲು ಇಡೀ ಮನೆಯನ್ನು ಬದಲಿಸಬೇಕಾಗಿಲ್ಲ. ಒಂದು ಮೂಲೆ ಸರಿಯಾದರೂ ಸಾಕಾಗುತ್ತದೆ. ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರು ಕಟ್ಟಿಸಿದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಹೊರಗಿನಿಂದ ಅದು ಆ ಕಾಲದ ಸಾಧಾರಣ ತಾರಸಿ ಮನೆ. ಮಹಡಿಯ ಮೇಲಿನ ಅರೆವೃತ್ತದ ಆ ಕಿಟಕಿಗಳ ಕೋಣೆಗೆ ಬಂದಾಗ ಮಾತ್ರ ಇಲ್ಲಿ ಒಬ್ಬ ಮನುಷ್ಯ ಸುಖವಾಗಿ ಕುಳಿತಿದ್ದಾನೆಂದು ತಿಳಿಯುತ್ತದೆ. ಆಕಾಶವಾಣಿ ಎಂಬ ಹೆಸರನ್ನು ಹೊತ್ತ ಮೊದಲ ಬಾನುಲಿ ಕೇಂದ್ರವೂ 1935ರಲ್ಲಿ ಇದೇ ಊರಿನ ಒಂದು ಮನೆಯಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರ ‘ವಿಠ್ಠಲ ವಿಹಾರ’ದಲ್ಲಿ, ದನಿ ತೆರೆಯಿತು. ವಾಸದ ಮನೆಯೊಂದರಲ್ಲಿ ಎಷ್ಟು ಜನಕ್ಕೆ ಎಡೆ ಮಾಡಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿಯದು.

ಆದ್ದರಿಂದ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ನನ್ನ ಸೂಚನೆ ಇಷ್ಟೆ: ಜಗುಲಿಯನ್ನು ಬೀದಿಯಿಂದ ಎತ್ತಿ ಅಡುಗೆಮನೆಗೆ ತನ್ನಿ. ಕಿಟಕಿಯ ಕೆಳಗೆ, ಗೋಡೆಗೆ ಆನಿಸಿ, ಒಂದೂವರೆ ಅಡಿ ಎತ್ತರ, ಎರಡಡಿ ಅಗಲ, ಐದಡಿ ಉದ್ದದ ಒಂದು ಕಟ್ಟೆ. ಮೇಲೆ ಕೆಂಪು ಆಕ್ಸೈಡ್ ಪುಡಿ ಬೆರೆಸಿದ ಸಿಮೆಂಟನ್ನು ಕರಣೆಯಿಂದ ಒತ್ತಿ ಉಜ್ಜಿ, ವಾರವಿಡೀ ನೀರುಣಿಸಿದರೆ ಹಳೆಯ ಮನೆಗಳ ನೆಲದ ಆ ಕಾವಿ ಹೊಳಪು ಬರುತ್ತದೆ; ಬರಿಮೈ ತಾಗಿದರೆ ತಣ್ಣಗಿರುತ್ತದೆ. ಆ ಕೆಲಸ ಬಲ್ಲ ಗಾರೆಯವರು ವಿರಳವಾಗುತ್ತಿದ್ದಾರೆ, ಆದರೆ ಹುಡುಕಿದರೆ ಸಿಗುತ್ತಾರೆ. ಕಿಟಕಿ ಪಶ್ಚಿಮಕ್ಕಿದ್ದರೆ ಬಂಬೂ ಬಜಾರಿನಲ್ಲಿ ಮೇದರು ಹೆಣೆದ ಬಿದಿರಿನ ತಟ್ಟಿಯೊಂದನ್ನು ತಂದು ಹೊರಗಡೆ ಇಳಿಬಿಡಿ. ಒಳಗೆ ಇಳಿಬಿಟ್ಟರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ಪ್ರಯೋಜನವಿಲ್ಲ. ಕಣ್ಣು ಕುಕ್ಕುವ ಬಿಳಿಯ ದೀಪದ ಬದಲು ಕಟ್ಟೆಯ ಮೇಲೆ ಹಳದಿ ಬೆಳಕಿನದೊಂದು ಇರಲಿ, ಪತ್ರಿಕೆ ಓದುವಷ್ಟು.

ಅಲ್ಲಿ ಅಜ್ಜಿ ಕೂರಲಿ, ಶಾಲೆಯಿಂದ ಬಂದ ಹುಡುಗ ಚೀಲವನ್ನು ಎಸೆದು ಕೂರಲಿ. ಮನೆಯ ಯಜಮಾನನೂ ಬಂದು ಕೂರಲಿ. ಹತ್ತಿರದಲ್ಲೇ ಕುಳಿತವನ ಕೈಗೆ ಸೊಪ್ಪು ಬಿಡಿಸಲು ಕೊಡುವುದು ಸುಲಭ, ದೂರದ ಸೋಫಾದಿಂದ ಕೂಗಿ ಕರೆಯುವುದು ಕಷ್ಟ. ಅಡುಗೆ ಮಾಡುವಾಕೆಯೂ ಒಗ್ಗರಣೆಗೂ ಊಟಕ್ಕೂ ನಡುವೆ ಅಲ್ಲಿಯೇ ಐದು ನಿಮಿಷ ಕಾಲು ಚಾಚಬಹುದು. ಬಾಡಿಗೆ ಮನೆಯವರು ಗೋಡೆ ಮುಟ್ಟುವಂತಿಲ್ಲವಾದ್ದರಿಂದ ಒಂದು ಮರದ ಬೆಂಚಿನಲ್ಲಿ ತೃಪ್ತರಾಗಬೇಕು. ಒಂದೇ ಎಚ್ಚರಿಕೆ. ಕಟ್ಟೆ ಒಣಗಿದ ದಿನದಿಂದಲೇ ಅದರ ಮೇಲೆ ಈರುಳ್ಳಿಯ ಬುಟ್ಟಿ, ಅಕ್ಕಿಯ ಡಬ್ಬ, ನೀರಿನ ಕ್ಯಾನು ಒಂದೊಂದಾಗಿ ಏರಲು ಹವಣಿಸುತ್ತವೆ. ತಿಂಗಳೊಳಗೆ ಮನುಷ್ಯರಿಗೆ ಜಾಗವಿರುವುದಿಲ್ಲ. ಈರುಳ್ಳಿಗೆ ಮೊದಲೇ ಬೇರೊಂದು ಗೂಡು ಮಾಡಿಸಿ.